ನೀಲಿ ಜೇಡಿಯೊಳಗಿನ ಹಸಿರೆಲೆ

ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಜರಡಿಯಕ್ಕ ಅಂತಲೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದುಕೊಂಡಿತ್ತು. ಹಿತ್ತಾಳೆಯ ಜರಡಿಗಳನ್ನು, ದೊಡ್ಡ ಕಣ್ಣಿನದು ಮೇಲೆ ಸಣ್ಣ ಕಣ್ಣಿನದು ಕೆಳಗೆ, ಒಂದರ ಮೇಲೊಂದು ಪೇರಿಸಿ, ಒಣಗಿಸಿದ ಮಣ್ಣು ಸುರಿದು, ಅಲ್ಲಾಡಿಸುವ ಯಂತ್ರದ ಗುಂಡಿ ಒತ್ತುತ್ತಿದ್ದಳು. ಅದು ಗಡಗಡ ನಡುಗುವಾಗ ಅದರ ನೆತ್ತಿಯ ಮೇಲೆ ಅಂಗೈ ಇಟ್ಟು ನಿಲ್ಲುವುದು ಅವಳ ರೂಢಿ. ಹಾಗೆ ನಿಲ್ಲಬೇಕೆಂದು ಯಾರೂ ಹೇಳಿರಲಿಲ್ಲ. ನಿಲ್ಲದಿದ್ದರೆ ಯಂತ್ರಕ್ಕೆ ಬೇಜಾರಾಗುತ್ತೆ ಅಂತ ತೂಕದ ಮೇಜಿನವನು ತಮಾಷೆ ಮಾಡುತ್ತಿದ್ದ.

ಅವಳು ಅಲ್ಲಿಗೆ ಬಂದದ್ದು ಡಬ್ಬಿ ತೊಳೆಯಲು. ಹತ್ತನೇ ತರಗತಿ ಮುಗಿಸಿ ಮನೆಯಲ್ಲಿ ಕೂತಿದ್ದಾಗ, ಲ್ಯಾಬಿನ ಗೇಟು ಕಾಯುತ್ತಿದ್ದ ಸೋದರಮಾವ, "ಅಲ್ಲಿ ಮಣ್ಣಿನ ಡಬ್ಬಿ ತೊಳೆಯೋಕೆ ಒಬ್ಬರು ಬೇಕಂತೆ, ಬರ್ತೀಯೇನೇ?" ಅಂದಿದ್ದ. ಬಂದಳು. ತೊಳೆಯುತ್ತ ತೊಳೆಯುತ್ತ ಡಬ್ಬಿಯೊಳಗೆ ಏನಿತ್ತು ಎಂಬ ಕುತೂಹಲ ಹುಟ್ಟಿತು. ಆಗಿನ ಹಿರಿಯ ಎಂಜಿನಿಯರು ಒಳ್ಳೆಯವರು, ಕೇಳಿದ್ದಕ್ಕೆಲ್ಲ ಹೇಳಿಕೊಟ್ಟರು. ದೊಡ್ಡ ಕಟ್ಟಡ ಕಟ್ಟುವ ಮುಂಚೆ ಆ ಜಾಗದಲ್ಲಿ ಆಳಕ್ಕೆ ತೂತು ಕೊರೆದು, ಒಂದೊಂದು ಮಟ್ಟದ ಮಣ್ಣನ್ನೂ ಮೇಲೆ ತಂದು, ಅದು ಎಷ್ಟು ಭಾರ ತಾಳುತ್ತದೆ, ನೀರು ಕುಡಿದರೆ ಎಷ್ಟು ಉಬ್ಬುತ್ತದೆ, ಒತ್ತಿದರೆ ಎಷ್ಟು ಕುಗ್ಗುತ್ತದೆ ಅಂತ ನೋಡಬೇಕು. ಪಾಯ ಎಷ್ಟು ಆಳ, ಎಂಥದ್ದು ಅನ್ನುವುದು ಆಮೇಲಿನ ಮಾತು. "ಹೆಣ್ಣು ಕೊಡೋ ಮುಂಚೆ ಮನೆತನ ವಿಚಾರಿಸೋ ಹಾಗೆ," ಅಂತ ಆ ಹಿರಿಯರು ನಗುತ್ತಿದ್ದರು. ಅವರು ನಿವೃತ್ತರಾಗುವ ಹೊತ್ತಿಗೆ ಡಬ್ಬಿ ತೊಳೆಯುವ ಹುಡುಗಿ ಒಲೆಯಲ್ಲಿ ಮಣ್ಣು ಒಣಗಿಸುವುದು, ಹಿತ್ತಾಳೆ ಬಟ್ಟಲಿನಲ್ಲಿ ಹಸಿ ಮಣ್ಣು ಹಚ್ಚಿ, ನಡುವೆ ಸೀಳು ಗೀರಿ, ಬಟ್ಟಲನ್ನು ಟಕಟಕ ಕುಟ್ಟಿದರೆ ಆ ಸೀಳು ಎಷ್ಟು ಬೇಗ ಕೂಡುತ್ತದೆಂದು ನೋಡುವುದು, ಗಾಜಿನ ಹಲಗೆಯ ಮೇಲೆ ಮಣ್ಣನ್ನು ದಾರದ ಹಾಗೆ ಹೊಸೆಯುವುದು, ಎಲ್ಲವನ್ನೂ ಕಲಿತು ಕೈ ಪಳಗಿಸಿಕೊಂಡಿದ್ದಳು.

ಆದರೆ ಒಂದು ವಿಚಿತ್ರ. ಇಷ್ಟು ವರ್ಷವಾದರೂ ಮಣ್ಣು ಬರುತ್ತಿದ್ದ ಜಾಗಗಳನ್ನು ಅವಳು ಕಣ್ಣಾರೆ ಕಂಡಿರಲಿಲ್ಲ. ಮಣ್ಣೇ ಅವಳ ಬಳಿಗೆ ಬರುತ್ತಿತ್ತು, ಪ್ಲಾಸ್ಟಿಕ್ ಚೀಲಗಳಲ್ಲಿ, ಎರಡೂ ತುದಿಗೆ ಮೇಣ ಬಳಿದ ಉಕ್ಕಿನ ಕೊಳವೆಗಳಲ್ಲಿ. ಊರಿನ ಹೊಟ್ಟೆಯೊಳಗೆ ಎಲ್ಲೆಲ್ಲಿ ಏನಿದೆ ಅಂತ ಅವಳ ಬೆರಳಿಗೆ ಗೊತ್ತಿತ್ತು. ಊರಿನ ಮುಖ ಮಾತ್ರ ಮನೆಯಿಂದ ಲ್ಯಾಬಿನ ದಾರಿಯಷ್ಟೇ.

ಮನೆ ಅಂದರೆ ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆ. ಗಂಡ ಲಿಫ್ಟ್ ರಿಪೇರಿಯವನು. "ನಂದು ಯಾವಾಗಲೂ ಮೇಲ್ಮಟ್ಟದ ಕೆಲಸ, ನಿಂದು ನೆಲಮಟ್ಟಕ್ಕಿಂತ ಕೆಳಗೆ. ನಾವಿಬ್ಬರು ಮನೆಯಲ್ಲಿ ಸಿಗೋದೇ ಪುಣ್ಯ," ಅನ್ನುತ್ತಿದ್ದ. ಮೂರನೆಯವರು ಅತ್ತೆ. ಆಯುಷ್ಯವೆಲ್ಲ ಬೀದಿಯ ಮೂಲೆಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ ನಡೆಸಿದ ಹೆಂಗಸು. ಈಗ ಮೊಣಕಾಲು ಸೋತು ಕಿಟಕಿಯ ಪಕ್ಕದ ಕುರ್ಚಿ ಹಿಡಿದಿದ್ದರು, ಬಾಯಿ ಮಾತ್ರ ಸೋತಿರಲಿಲ್ಲ.

"ಜನ್ಮವೆಲ್ಲ ಕಂಡವರ ಬಟ್ಟೆಯಿಂದ ಮಣ್ಣು ಬಿಡಿಸಿದೆ," ಅಂತ ನೆರೆಯವರ ಮುಂದೆ ಹೇಳುತ್ತಿದ್ದರು. "ಬಂದ ಸೊಸೆ ನೋಡಿ, ಮಣ್ಣು ಮೆತ್ತಿಕೊಂಡೇ ಮನೆಗೆ ಬರ್ತಾಳೆ."

ಏನಾದರೂ ಮಾತಿಗೆ ಮಾತು ಬೆಳೆದರೆ ಅತ್ತೆಯ ಕೊನೆಯ ಬಾಣ ಒಂದೇ: "ಸುಮ್ನಿರೇ, ನಿಂಗೇನು ಮಣ್ಣು ಗೊತ್ತು?"

"ಅದೊಂದೇ ಅತ್ತೆ ನಂಗೆ ಗೊತ್ತಿರೋದು," ಅಂತ ಇವಳು ಅಂದರೆ, ಒಳಗೆ ಶೇವ್ ಮಾಡಿಕೊಳ್ಳುತ್ತಿದ್ದ ಗಂಡ ನಗು ತಡೆಯಲಾರದೆ ಕೆನ್ನೆ ಕೊಯ್ದುಕೊಳ್ಳುತ್ತಿದ್ದ.

ಆ ವರ್ಷ ಬಸ್ ನಿಲ್ದಾಣದ ಹಿಂದಿನ ಖಾಲಿ ಜಾಗದಲ್ಲಿ ಹೆರಿಗೆ ಆಸ್ಪತ್ರೆ ಕಟ್ಟುವುದೆಂದು ತೀರ್ಮಾನವಾಗಿತ್ತು. ಜಾಗ ನೋಡಿದರೆ ಬಿಲಿಯರ್ಡ್ಸ್ ಮೇಜಿನಷ್ಟು ಸಪಾಟು. ಮೇಲಿನ ಮಣ್ಣೂ ಗಟ್ಟಿ. ಬೋರಿಂಗ್ ಮೇಸ್ತ್ರಿ ತೂತು ಕೊರೆಯುತ್ತ ಹೋದ, ಮಣ್ಣು ಲ್ಯಾಬಿಗೆ ಬರುತ್ತ ಹೋಯಿತು. ಮೊದಲು ಇಟ್ಟಿಗೆ ಚೂರು ಬೆರೆತ ತುಂಬು ಮಣ್ಣು, ಆಮೇಲೆ ಸಣ್ಣ ಕಲ್ಲು ಬೆರೆತ ಕೆಂಪು ಗೊಚ್ಚು, ಆಮೇಲೆ ಮರಳು. ಎಲ್ಲ ಕಂಡದ್ದೇ. ಒಂದು ಬೆಳಗ್ಗೆ ಅದೇ ತೂತಿನ ಆಳದಿಂದ ಬಂದ ಕೊಳವೆಯೊಂದನ್ನು ಅವಳು ಮಣ್ಣು ಹೊರತಳ್ಳುವ ಜಾಕಿಗೆ ಸಿಕ್ಕಿಸಿ ಮೇಣ ಕೆರೆದು ತೆಗೆದಳು. ಹಿಡಿ ತಿರುಗಿಸಿದಂತೆ ಕೊಳವೆಯ ಬಾಯಿಂದ ಮಣ್ಣಿನ ದಿಂಡು ನಿಧಾನವಾಗಿ ಹೊರಬಂತು. ನೀಲಿ ಮಿಶ್ರಿತ ಬೂದು ಬಣ್ಣ. ಬೆಣ್ಣೆಯಂಥ ಜೇಡಿ. ಆ ಬಣ್ಣದ ಜೇಡಿಯನ್ನು ಅವಳು ಹಿಂದೆ ಕಂಡಿರಲಿಲ್ಲ.

ಪರೀಕ್ಷೆಗೆ ಬೇಕಾದಷ್ಟು ಉದ್ದ ತೆಗೆಯೋಣ ಅಂತ ತಂತಿ ಹಿಡಿದು ಒತ್ತಿದಳು. ತಂತಿ ಅರ್ಧ ಹೋಗುವಷ್ಟರಲ್ಲಿ ದಿಂಡು ತನ್ನಷ್ಟಕ್ಕೆ ತಾನೇ, ಪುಸ್ತಕ ತೆರೆದುಕೊಂಡ ಹಾಗೆ, ಅಡ್ಡಕ್ಕೆ ಎರಡಾಗಿ ಬಿಚ್ಚಿಕೊಂಡಿತು.

ಒಳಗೆ ಒಂದು ಎಲೆ ಇತ್ತು.

ಹಸಿರೆಲೆ. ಎಲೆಯ ಗುರುತಲ್ಲ, ಅಚ್ಚಲ್ಲ, ಎಲೆಯೇ. ಹೆಬ್ಬೆರಳಿಗಿಂತ ತುಸು ದೊಡ್ಡದು, ಅಂಚಿಗೆ ಗರಗಸದ ಹಲ್ಲು, ನಡುವೆ ನರ, ನರಕ್ಕೆ ಕವಲು. ಈಗಷ್ಟೇ ಯಾರೋ ಗಿಡದಿಂದ ಕಿತ್ತು ತಂದು ಅಲ್ಲಿ ಅಂಟಿಸಿದಷ್ಟು ಹಸಿರು. ನೀರಿನ ಪಸೆಗೆ ಮಿರಮಿರ ಮಿನುಗುತ್ತಿತ್ತು.

ನೋಡುತ್ತಿದ್ದ ಹಾಗೆಯೇ ಎಲೆಯ ಅಂಚು ಕಂದಿತು. ಕಂದು ಬಣ್ಣ ಹಲ್ಲುಗಳಿಂದ ಒಳಕ್ಕೆ, ನರಗಳ ಗುಂಟ, ಕಾಗದಕ್ಕೆ ಬಿದ್ದ ಎಣ್ಣೆಯಂತೆ ಹರಡಿತು. "ಬನ್ರೋ, ಯಾರಾದ್ರೂ ಬನ್ರೋ ಇಲ್ಲಿ!" ಅಂತ ಅವಳು ಕೂಗಿದ ಕೂಗಿಗೆ ತೂಕದ ಮೇಜಿನವನು ಏನೋ ಅನಾಹುತವಾಯಿತೆಂದು ಕೈಯಲ್ಲಿದ್ದ ಡಬ್ಬಿ ಬೀಳಿಸಿ ಓಡಿಬಂದ. ಅವನು ಬಂದು ಬಗ್ಗಿ ನೋಡುವಷ್ಟರಲ್ಲಿ ಜೇಡಿಯ ಮೇಲೆ ಉಳಿದದ್ದು ಮಸಿಯಂಥ ಒಂದು ಕಲೆ.

"ಹಸಿರಾಗಿತ್ತು," ಅಂದಳು.

"ಬೆಳಗ್ಗೆ ಹೊಟ್ಟೆಗೆ ಏನಾದ್ರೂ ಹಾಕ್ಕೊಂಡಿದ್ದೀಯಾ ಅಕ್ಕ?" ಅಂದ ಅವನು.

ಎಂಜಿನಿಯರ್ ಮೇಡಂ ನಗಲಿಲ್ಲ. ಹಿರಿಯರ ಜಾಗಕ್ಕೆ ಬಂದಿದ್ದ ಆಕೆ ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ಮಿತ. ಭೂತಗನ್ನಡಿ ತಂದು ಕಪ್ಪು ಕಲೆಯ ಮೇಲೆ ಬಹಳ ಹೊತ್ತು ಬಗ್ಗಿದರು. ತಲೆ ಎತ್ತಿದಾಗ ಅವರ ಮುಖವೂ ಬೇರೆಯಾಗಿತ್ತು.

"ಓದಿದ್ದೆ, ಹೀಗಾಗುತ್ತೆ ಅಂತ," ಅಂದರು. "ನೋಡಿರಲಿಲ್ಲ. ನೋಡಿದೋರು ನೀವು. ಆ ಬಸ್ ನಿಲ್ದಾಣದ ಹಿಂದೆ ಒಂದು ಕಾಲದಲ್ಲಿ ಕೆರೆ ಇದ್ದಿರಬೇಕು. ಎಲೆ ಉದುರಿ ತಳಕ್ಕೆ ಹೋಗಿದೆ, ಅದರ ಮೇಲೆ ಜೇಡಿ ಕೂತಿದೆ. ಗಾಳಿ ಸೋಕದ ಹಾಗೆ ಮುಚ್ಚಿಬಿಟ್ಟಿದೆ. ಕೊಳೆಯೋಕೂ ಗಾಳಿ ಬೇಕಲ್ಲ! ಈಗ ನೀವು ತೆರೆದಿರಿ, ಗಾಳಿ ಹೊಕ್ಕಿತು, ಅಷ್ಟೂ ಕಾಲ ಆಗದೆ ಉಳಿದದ್ದು ಆಗಿಹೋಯ್ತು."

"ಎಷ್ಟು ಕಾಲ ಮೇಡಂ?"

"ಅದನ್ನ ಹೇಳೋಕೆ ಬೇರೆಯವರಿದ್ದಾರೆ. ಆದ್ರೆ ನಮ್ಮಜ್ಜಿಯ ಅಜ್ಜಿ ಕಾಲ ಅಂತೂ ಅಲ್ಲ. ಮನುಷ್ಯ ಬಿತ್ತೋದು ಬೆಳೆಯೋದು ಕಲಿಯೋಕೆ ಎಷ್ಟೋ ಮುಂಚಿಂದು ಇರಬಹುದು."

ಅವತ್ತು ಮಧ್ಯಾಹ್ನ ಅವಳಿಗೆ ಊಟ ಸೇರಲಿಲ್ಲ. ದುಃಖವಲ್ಲ, ಹೆದರಿಕೆಯೂ ಅಲ್ಲ. ಕತ್ತಲಲ್ಲಿ ಯಾರಿಗೂ ಕಾಣದೆ ಅಷ್ಟು ಕಾಲ ಹಸಿರಾಗಿದ್ದದ್ದು ತನ್ನ ಕಣ್ಣೆದುರು ರೆಪ್ಪೆ ಬಡಿಯುವಷ್ಟು ಹೊತ್ತು ನಿಂತು ಹೋಯಿತಲ್ಲ! ರಾಜರು ಆಳಿ ಹೋದರು, ಊರು ಎದ್ದವು, ಬಸ್ಸು ಬಂದವು, ಅದು ಹಸಿರಾಗಿಯೇ ಇತ್ತು. ಕೊನೆಗೆ ಅದನ್ನು ನೋಡುವ ಋಣ ಇದ್ದದ್ದು ಡಬ್ಬಿ ತೊಳೆಯಲು ಬಂದವಳಿಗೆ.

ಮನೆಯಲ್ಲಿ ಹೇಳಿದಳು. ಗಂಡ ಚಮಚ ಕೆಳಗಿಟ್ಟು ಬಾಯಿಬಿಟ್ಟು ಕೇಳಿದ. ಅತ್ತೆ ಪೂರ್ತಿ ಕೇಳಿ, "ಅದರಲ್ಲೇನೇ ದೊಡ್ಡದು? ಫ್ರಿಜ್ಜಿನ ಮೂಲೆಯಲ್ಲಿ ಮರೆತಿಟ್ಟ ಸೊಪ್ಪೂ ಹೊರಗೆ ತೆಗೆದ ಮೇಲೆ ಹಂಗೇ ಕಪ್ಪಾಗುತ್ತೆ," ಅಂದರು.

"ಇದು ಲಕ್ಷಾಂತರ ವರ್ಷವೋ, ಸಾವಿರಾರು ವರ್ಷವೋ ಅತ್ತೆ!"

"ಹಂಗಾದ್ರೆ ಒಳ್ಳೆ ಕಂಪನಿ ಫ್ರಿಜ್ಜು," ಅಂದರು ಅತ್ತೆ.

ಕೆಲಸ ಮಾತ್ರ ಬೆರಗಿಗಾಗಿ ಕಾಯುವುದಿಲ್ಲ. ಎಲೆ ಇದ್ದ ಜೇಡಿ ಅಂದರೆ ಮೆತ್ತನೆಯ ಜೇಡಿ. ಅದರ ಮೇಲೆ ಆಸ್ಪತ್ರೆ ಕೂತರೆ ಎಷ್ಟು ಕುಗ್ಗುತ್ತದೆ ಅಂತ ಲೆಕ್ಕ ಸಿಗಬೇಕು. ಅವಳು ಅದೇ ದಿಂಡಿನ ಇನ್ನೊಂದು ಭಾಗದಿಂದ ಬಿಸ್ಕತ್ತಿನಷ್ಟು ದಪ್ಪದ ಬಿಲ್ಲೆ ಕೊಯ್ದು, ಉಂಗುರದೊಳಗೆ ಕೂರಿಸಿ, ಮೇಲೆ ಕೆಳಗೆ ರಂಧ್ರವಿರುವ ಕಲ್ಲಿಟ್ಟು, ತೂಕ ಹೇರಿದಳು. ದಿನಕ್ಕಿಷ್ಟು ಅಂತ ತೂಕ ಏರಿಸುತ್ತ ಹೋದರೆ, ಗಡಿಯಾರದಂಥ ಮಾಪಕದ ಮುಳ್ಳು ಕಣ್ಣಿಗೆ ಕಾಣದಷ್ಟು ನಿಧಾನ ತೆವಳುತ್ತಿತ್ತು. ಬೇರೆ ಮಣ್ಣಾದರೆ ಸ್ವಲ್ಪ ಹೊತ್ತಿಗೆ ನಿಲ್ಲುವ ಮುಳ್ಳು ಇಲ್ಲಿ ನಿಲ್ಲುತ್ತಲೇ ಇರಲಿಲ್ಲ. ಒತ್ತಡಕ್ಕೆ ಜೇಡಿಯೊಳಗಿನ ನೀರು ಕಲ್ಲಿನ ಸಂದಿಯಿಂದ ಜಿನುಗಿ ಬರುತ್ತಿತ್ತು. ಒಮ್ಮೆ ಅವಳು ಅಂಚಿನಲ್ಲಿ ನಿಂತಿದ್ದ ಒಂದು ಹನಿಯನ್ನು ಬೆರಳ ತುದಿಗೆ ತೆಗೆದುಕೊಂಡಳು. ಬೆಳಕಿಗೆ ಹಿಡಿದಳು. ಸುಮ್ಮನೆ ನೀರು. ಆದರೆ ಆ ಕೆರೆಯ ನೀರು. ಒರೆಸಿಕೊಳ್ಳಲು ಮನಸ್ಸು ಬಾರದೆ ಹನಿ ತಾನಾಗಿ ಆರುವ ತನಕ ಬೆರಳು ಎತ್ತಿ ಹಿಡಿದು ನಿಂತಿದ್ದಳು.

"ಯಾಕೆ ಹೀಗೆ ನಿಂತಿದ್ದೀರಿ, ನಂಬರ್ ಸರಿ ಬರ್ತಿಲ್ವಾ?" ಅಂತ ಬಂದ ಮೇಡಂಗೆ ಮಾಪಕ ತೋರಿಸಿದಳು. ಇಬ್ಬರೂ ಮುಳ್ಳು ನೋಡಿದರು.

"ಇದು ಕೂರುತ್ತೆ," ಅಂದರು ಮೇಡಂ. "ಒಂದು ಕಡೆ ಹೆಚ್ಚು, ಒಂದು ಕಡೆ ಕಮ್ಮಿ ಕೂತರೆ ಕಟ್ಟಡ ಬಿರುಕು ಬಿಡುತ್ತೆ. ಕೆರೆಯ ದಡ ಎಲ್ಲಿ, ನಡು ಎಲ್ಲಿ ಅಂತ ಗೊತ್ತಾಗಬೇಕು. ಇನ್ನಷ್ಟು ತೂತು ಹಾಕಿಸೋಣ. ನೀವೂ ಬನ್ನಿ ಈ ಸಲ. ಈ ಜೇಡಿಯ ಪರಿಚಯ ನಿಮಗಿದ್ದಷ್ಟು ಯಾರಿಗಿದೆ?"

ಹೀಗೆ ಜರಡಿಯಕ್ಕ ಮೊದಲ ಸಲ ಲ್ಯಾಬಿನ ಪಿಕಪ್ ಗಾಡಿಯ ಮುಂದಿನ ಸೀಟಿನಲ್ಲಿ ಕೂತಳು. ಸೈಟಿನಲ್ಲಿ ಮೂರು ಕಾಲಿನ ಕಬ್ಬಿಣದ ಚೌಕಟ್ಟು, ಅದರ ನೆತ್ತಿಯ ರಾಟೆಯಿಂದ ಇಳಿಬಿದ್ದ ಭಾರದ ಸುತ್ತಿಗೆ. ಸುತ್ತಿಗೆ ಮೇಲೇರುತ್ತಿತ್ತು, ಧಡ್ ಅಂತ ಸರಳಿನ ತಲೆಗೆ ಬೀಳುತ್ತಿತ್ತು, ನೆಲ ಪಾದದಡಿ ಮೆಲ್ಲಗೆ ಅದುರುತ್ತಿತ್ತು. ಲ್ಯಾಬಿನ ಹಾಳೆಗಳಲ್ಲಿ 'ಹೊಡೆತ' ಅಂತ ಓದುತ್ತಿದ್ದ ಮಾತಿಗೆ ಇಷ್ಟು ಸದ್ದಿದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ.

ಬೋರಿಂಗ್ ಮೇಸ್ತ್ರಿ ಕೆಸರು ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಬಂದ. ನಗುಮುಖದ, ಗಂಟಲು ಒಡೆದ ಮನುಷ್ಯ.

"ಜರಡಿಯಕ್ಕ ಅಂದ್ರೆ ನೀವೇನಾ? ಅಯ್ಯೋ, ಇಷ್ಟು ವರ್ಷ ಒಂದೊಂದು ಕೊಳವೆಗೂ ಮೇಣ ಹಚ್ಚಿ, ಒದ್ದೆ ಬಟ್ಟೆ ಸುತ್ತಿ, ಗಂಡನ ಮನೆಗೆ ಮಗಳನ್ನ ಕಳಿಸಿದ ಹಾಗೆ ಕಳಿಸ್ತಿದ್ದೆ. ಬೀಗರ ಮುಖ ನೋಡಿರಲಿಲ್ಲ ನೋಡಿ!"

"ನಿಮ್ಮ ಮಕ್ಕಳನ್ನ ಚೆನ್ನಾಗೇ ನೋಡ್ಕೊಂಡಿದ್ದೀನಿ ಅಣ್ಣ," ಅಂದಳು ಅವಳು. "ಒಲೆಗೆ ಹಾಕಿದ್ದು ಬಿಟ್ರೆ."

ಮೇಸ್ತ್ರಿ ಹೊಟ್ಟೆ ಹಿಡಿದು ನಕ್ಕ.

ಹೊಸ ತೂತುಗಳು ಕೆರೆಯ ಆಕಾರವನ್ನು ಒಂದೊಂದಾಗಿ ಬಿಡಿಸಿಟ್ಟವು. ನಿಲ್ದಾಣದ ಕಡೆಗೆ ನೀಲಿ ಜೇಡಿ ಬಹಳ ಆಳ. ಎದುರಿನ ಗೋಡೆಯ ಕಡೆಗೆ ಅದು ಮೇಲೇರುತ್ತ, ತೆಳುವಾಗುತ್ತ ಬಂದು ದಡ ಹತ್ತುತ್ತಿತ್ತು. ಮೇಡಂ ನಕ್ಷೆ ಹಾಕಿದರು: ಆಳವಿರುವಲ್ಲಿ ಕೆರೆಯ ತಳವನ್ನೂ ದಾಟಿ ಬಂಡೆಗೆ ಕಾಲೂರುವ ಕಾಂಕ್ರೀಟ್ ಕಂಬಗಳು, ದಡದ ಕಡೆ ಜೇಡಿಯನ್ನೆಲ್ಲ ತೋಡಿ ತೆಗೆದು ನೆಲಮಾಳಿಗೆ. ಕಟ್ಟಿಸುವವರು ಸ್ವಲ್ಪ ಗೊಣಗಿ ಒಪ್ಪಿದರು. ತೋಡುವ ಯಂತ್ರಗಳು ಬಂದವು. ಕೆಲವು ವಾರದ ಮೇಲೆ ಮೇಸ್ತ್ರಿಯೇ ಲ್ಯಾಬಿಗೆ ಫೋನು ಮಾಡಿದ. ಅವನ ದನಿಯಲ್ಲಿ ನಗು ಇರಲಿಲ್ಲ.

"ಅಕ್ಕ, ಕಾಂಕ್ರೀಟ್ ಸುರಿಯೋ ಮುಂಚೆ ಬಂದು ನೋಡಿಬಿಡಿ. ಇದನ್ನ ನಂಗೆ ಬಾಯಲ್ಲಿ ಹೇಳೋಕೆ ಬರಲ್ಲ."

ಮನೆಯಲ್ಲಿ ಆ ಮಾತು ಹೇಳಿದ್ದೇ ತಡ, ಅತ್ತೆ ಕುರ್ಚಿಯಿಂದ ಊರುಗೋಲಿಗೆ ಕೈ ಚಾಚಿದರು.

"ನಾನೂ ಬರ್ತೀನಿ. ಆ ಫ್ರಿಜ್ಜು ಯಾವುದು ಅಂತ ನೋಡೇ ಬಿಡ್ತೀನಿ."

"ಅಲ್ಲಿ ಇಳಿಜಾರು ಅತ್ತೆ, ಕೆಸರು..."

"ಕೆಸರು ನಂಗೆ ಹೊಸದೇನೇ?"

ರಜೆ ಹಾಕಿದ ಗಂಡ ತಾಯಿಯ ತೋಳು ಹಿಡಿದ. ಅತ್ತೆಯ ತಲೆಗೆ ಹಳದಿ ಹೆಲ್ಮೆಟ್ ಹಾಕಿದರೆ ಅದು ಹುಬ್ಬಿನ ತನಕ ಇಳಿಯಿತು. ಲಾರಿ ಇಳಿಯಲು ಮಾಡಿದ್ದ ಇಳಿಜಾರಿನಲ್ಲಿ ಮೂವರೂ ಹೆಜ್ಜೆ ಹೆಜ್ಜೆಗೆ ನಿಂತು ಇಳಿದರು. ಮೇಡಂ ಕೆಳಗೆ ಕಾಯುತ್ತಿದ್ದರು. ತೋಡಿದ ಗುಂಡಿಯ ಮಣ್ಣಿನ ಗೋಡೆಯ ಕಡೆ ಕೈ ತೋರಿಸಿದರು.

ಜರಡಿಯಕ್ಕ ನೋಡಿದಳು.

ಕಡಿದ ನೆಲ ಅವಳ ಮುಂದೆ ಮನೆಯೆತ್ತರಕ್ಕೆ ನಿಂತಿತ್ತು. ತೀರಾ ಮೇಲೆ ಇಟ್ಟಿಗೆ ಚೂರು, ಒಡೆದ ಗಾಜು, ಯಾರದೋ ಚಪ್ಪಲಿ. ಅದರ ಕೆಳಗೆ ಕೆಂಪು ಗೊಚ್ಚು. ಅದರ ಕೆಳಗೆ ಮರಳು, ಆ ಮರಳಿನಲ್ಲಿ ಅಲೆಯ ಮೇಲೆ ಅಲೆ. ಎಂದೋ ಹರಿದ ನೀರು ಬೆರಳಾಡಿಸಿ ಬಿಟ್ಟುಹೋದ ಗೆರೆಗಳು ಹಾಗೇ ಇದ್ದವು. ಮರಳಿನ ಕೆಳಗೆ ನೀಲಿ ಜೇಡಿ, ಹಾಳೆ ಹಾಳೆಯಾಗಿ, ಒಂದು ತೆಳು ಒಂದು ಗಾಢ. ಒಂದೊಂದು ಜೋಡಿಯೂ ಒಂದೊಂದು ವರ್ಷ ಇರಬಹುದು ಅಂದರು ಮೇಡಂ: ನೀರು ಏರಿದಾಗಿನದು ಒಂದು, ಇಳಿದಾಗಿನದು ಒಂದು. ಮತ್ತು ಆ ಜೇಡಿಯ ಬುಡದಲ್ಲಿ, ಕೆರೆ ತುಂಬುವುದಕ್ಕೂ ಮುಂಚಿನ ನೆಲದಲ್ಲಿ, ಮರಗಳು ನಿಂತಿದ್ದವು.

ಬಿದ್ದ ಮರಗಳಲ್ಲ. ಸೊಂಟದೆತ್ತರಕ್ಕೆ ಮುರಿದ ಬೊಡ್ಡೆಗಳು, ಬೇರು ನೆಲದಲ್ಲಿ ಹರಡಿ ಹಿಡಿದುಕೊಂಡು, ಒಂದರ ಪಕ್ಕ ಒಂದು. ತೊಗಟೆ ಸಹಿತ. ಒಂದು ತೋಪು ಪೂರ್ತಿ ನೀರಿನಲ್ಲಿ ಮುಳುಗಿ, ಜೇಡಿಯಲ್ಲಿ ಹೂತು, ಇಲ್ಲಿ ನಿಂತೇ ಇತ್ತು. ಮೇಲೆ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು.

ಅವಳು ಹತ್ತಿರ ಹೋಗಿ ಅಂಗೈಯನ್ನು ಒಂದು ಬೊಡ್ಡೆಯ ಮೇಲಿಟ್ಟಳು. ತಣ್ಣಗಿತ್ತು, ಒದ್ದೆಯಾಗಿತ್ತು. ಇಷ್ಟು ವರ್ಷ ಡಬ್ಬಿಗಳಲ್ಲಿ, ಚೀಲಗಳಲ್ಲಿ ತನ್ನ ಕೈ ಹಾದುಹೋದ ಒಂದೊಂದು ಚಿಟಿಕೆ ಮಣ್ಣೂ ಇಂಥದೊಂದರ ತುಣುಕಾಗಿತ್ತಲ್ಲ ಅನ್ನಿಸಿತು. ನದಿ, ದಡ, ಬಯಲು, ಕಾಡು, ಎಲ್ಲವನ್ನೂ ತೂಗಿ, ಒಣಗಿಸಿ, ಜರಡಿ ಹಿಡಿದಿದ್ದಳು. ಗಂಡ ಏನೋ ಕೇಳಿದ, ಅವಳಿಗೆ ಕೇಳಿಸಲಿಲ್ಲ.

"ಎಲ್ಲೇ ಆ ಎಲೆ?" ಅಂದರು ಅತ್ತೆ ಹಿಂದಿನಿಂದ.

ಮೇಸ್ತ್ರಿ ಆಗಷ್ಟೇ ಕಡಿದ ಜೇಡಿಯ ಹೆಂಟೆಯೊಂದನ್ನು ಹಲಗೆಯ ಮೇಲಿಟ್ಟು ತಂದ. ಜರಡಿಯಕ್ಕ ಪದರದ ಗುಂಟ ಬೆರಳಾಡಿಸಿ ಜಾಗ ಹುಡುಕಿ ತಂತಿ ಎಳೆದಳು. ಮೊದಲ ಹಾಳೆಯಲ್ಲಿ ಏನಿಲ್ಲ. ಎರಡನೆಯದರಲ್ಲಿ ಒಂದು ಕಡ್ಡಿ. "ಸಾಕು ಬಿಡೇ, ನನ್ನ ಪುಣ್ಯದಲ್ಲಿ ಇಲ್ಲ," ಅಂತ ಅತ್ತೆ ಅನ್ನುತ್ತಿದ್ದ ಹಾಗೆ ಹೆಂಟೆ ಮತ್ತೊಂದು ಕಡೆ ಬಿಚ್ಚಿತು. ಎರಡು ಎಲೆ, ಒಂದರ ಮೇಲೆ ಒಂದು ಅಡ್ಡಬಿದ್ದು, ಎಳೆ ಹಸಿರು.

ಅತ್ತೆ ಹೆಲ್ಮೆಟ್ಟನ್ನು ಹಿಂದಕ್ಕೆ ತಳ್ಳಿ ಬಗ್ಗಿದರು. ಹಸಿರಿನ ಅಂಚು ಕಂದತೊಡಗಿದ ಕೂಡಲೇ ಊರುಗೋಲು ಬಿಟ್ಟು ಎರಡೂ ಕೈಯನ್ನು ಎಲೆಗಳ ಮೇಲೆ ಗೂಡಿನ ಹಾಗೆ ಮುಚ್ಚಿದರು.

"ಅಯ್ಯೋ, ಮುಚ್ಚೇ, ಬೇಗ ಮುಚ್ಚೇ! ಗಾಳಿ ಹೊಡೀತಿದೆ ಅದಕ್ಕೆ!"

ಜರಡಿಯಕ್ಕ ಅತ್ತೆಯ ಕೈಗಳ ಮೇಲೆ ತನ್ನ ಕೈ ಇಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಇಬ್ಬರೂ ಕೈ ತೆಗೆದರು. ಎಲೆ ಕಪ್ಪಾಗಿತ್ತು. ಅತ್ತೆಯ ಅಂಗೈ ತುಂಬ ನೀಲಿ ಮಣ್ಣು; ಒರೆಸಲು ಮಗ ಕರವಸ್ತ್ರ ಚಾಚಿದರೆ, "ಇರಲಿ ಬಿಡೋ," ಅಂದರು.

ಮೇಡಂ ಒಂದು ಹೆಂಟೆಯನ್ನು ಗಾಳಿಯಾಡದ ಹಾಗೆ ಕಟ್ಟಿ, ಹಳೆಯ ಕಾಲದ ಗಿಡಮರಗಳನ್ನು ಅಭ್ಯಾಸ ಮಾಡುವವರಿಗೆ ಕಳಿಸಿದರು. ಬೊಡ್ಡೆಯೊಂದನ್ನೂ ಅವರೇ ಬಂದು ಒಯ್ದರು. ಮಿಕ್ಕದ್ದರ ಮೇಲೆ ಹೇಳಿದ ದಿನಕ್ಕೆ ಕಾಂಕ್ರೀಟ್ ಬಿತ್ತು. ಆಸ್ಪತ್ರೆಗೆ ನೆಲ ಬೇಕಿತ್ತು, ಅದನ್ನು ಯಾರೂ ತಪ್ಪೆನ್ನಲಿಲ್ಲ. ಕಂಬಗಳು ಕೆರೆಯನ್ನು ದಾಟಿ ಬಂಡೆ ಮುಟ್ಟಿದವು. ಕಟ್ಟಡ ಒಂದೊಂದೇ ಅಂತಸ್ತು ಏರಿತು, ಕೂರಲಿಲ್ಲ, ಬಿರಿಯಲಿಲ್ಲ. ಅದರ ಲಿಫ್ಟ್ ಕೂರಿಸುವ ಕೆಲಸ ಗಂಡನ ಕಂಪನಿಗೇ ಸಿಕ್ಕಿತು. ಅತ್ತೆಯ ಬಾಯಲ್ಲಿ ಆ ಎಲೆ ತಿಂಗಳು ತಿಂಗಳಿಗೂ ಬೆಳೆದು, ಕೊನೆಗೆ ಬಾಳೆಲೆಯಷ್ಟಾಯಿತು. ಸೊಸೆ ಒಮ್ಮೆಯೂ ತಿದ್ದಲಿಲ್ಲ.

ಎಲೆ, ಬೊಡ್ಡೆ ಒಯ್ದವರಿಂದ ಉತ್ತರ ಬಂದದ್ದು ಮುಂದಿನ ಬೇಸಿಗೆಯಲ್ಲಿ. ಕರೆಂಟು ಹೋಗಿ ಫ್ಯಾನು ನಿಂತು, ಮೂವರೂ ನೆಲಕ್ಕೆ ನೀರು ಚಿಮುಕಿಸಿಕೊಂಡು ಕೂತಿದ್ದ ರಜೆಯ ಮಧ್ಯಾಹ್ನ ಮೇಡಂ ಫೋನು ಮಾಡಿದರು. ಜರಡಿಯಕ್ಕ ಎದ್ದು ಕಿಟಕಿಯ ಹತ್ತಿರ ನಿಂತು ಕೇಳಿದಳು, ಮಧ್ಯೆ ಮಧ್ಯೆ "ಹೌದಾ ಮೇಡಂ?" ಅಂದಳು. ಫೋನು ಇಟ್ಟ ಮೇಲೂ ಅಲ್ಲೇ ನಿಂತಿದ್ದಳು.

"ಏನಂತೆ?" ಅಂದ ಗಂಡ.

"ಆ ಜಾತಿ ಮರ ಈಗ ಈ ಕಡೆ ಎಲ್ಲೂ ಬೆಳೆಯಲ್ಲವಂತೆ ರೀ. ಹಿಮ ಬೀಳೋ ಗುಡ್ಡಗಳ ಮೇಲಷ್ಟೇ ಅಂತೆ. ಆವಾಗ ಇಲ್ಲಿ ಅಷ್ಟು ಚಳಿ ಇತ್ತಂತೆ. ನಮ್ಮ ಬಸ್ ನಿಲ್ದಾಣದಲ್ಲಿ."

ಕೆಳಗಿನ ಬೀದಿಯಲ್ಲಿ ಡಾಂಬರು ಕರಗಿ ಹೊಳೆಯುತ್ತಿತ್ತು. ಅಂಗಡಿಯವನು ಸೈಕಲ್ಲುಗಳನ್ನು ನೆರಳಿಗೆ ಎಳೆಯುತ್ತಿದ್ದ. ಗಂಡ ಬೀಸುತ್ತಿದ್ದ ಹಳೆಯ ಪತ್ರಿಕೆಯನ್ನು ಕೆಳಗಿಟ್ಟ.

"ಆವಾಗ ಅದನ್ನ ಯಾರು ನೋಡಿದ್ರೋ," ಅಂದರು ಅತ್ತೆ. "ಅಷ್ಟೆಲ್ಲ ಮರ, ಅಷ್ಟು ನೀರು, ಚಳಿ..."

"ಯಾರೂ ಇರಲಿಲ್ಲವೇನೋ ಅತ್ತೆ. ಹಕ್ಕಿ ಇದ್ದಿರಬಹುದು."

"ಯಾರೂ ಇಲ್ದೇನೂ ಆ ಎಲೆ ಅಂಚಿಗೆ ಅಷ್ಟು ಚೆನ್ನಾಗಿ ಹಲ್ಲು ಹಲ್ಲು ಬಿಡಿಸಿಕೊಂಡು ಬೆಳೆದಿತ್ತಲ್ಲೇ!" ಅಂದರು ಅತ್ತೆ. ಮೂವರೂ ಕಿಟಕಿಯ ಹತ್ತಿರ ಸೇರಿ, ಬಿಸಿಲಿಗೆ ಕುದಿಯುತ್ತಿದ್ದ ಬೀದಿಯನ್ನು, ಹೊಸದಾಗಿ ಕಾಣುತ್ತಿದೆಯೇನೋ ಎಂಬಂತೆ ನೋಡುತ್ತಿದ್ದರು.